ನೆಮೆಸಿಯೊನ ಕೀಲಿಕೈ

ಹೆತ್ತ ಅಪ್ಪನ ಮುಖ ನೋಡುವುದಕ್ಕೆ ಟಿಕೆಟ್ ತೆಗೆದುಕೊಳ್ಳಬೇಕು ಅಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಎದೆಲ್ಮಿರಾ ಕ್ವೆಟೊಗೂ ಉರಿಯಿತು. ಒಲಸಾಬಾಲ್ ಬಂಗಲೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ ತಲೆ ಎತ್ತದೆ ಕೈ ಚಾಚಿದಳು.

“ಒಳಗೆ ಗೋಡೆ ಮೇಲೆ ಹಾಕಿರೋದು ನಮ್ಮಪ್ಪನ ಫೋಟೋ ಕಣಮ್ಮಾ. ಮಗಳಿಗೂ ಟಿಕೆಟ್ಟಾ?”

“ವಯಸ್ಸಾದೋರಿಗೆ ಅರ್ಧ ರೇಟು ಅಜ್ಜಿ.”

“ಯಾಕೆ, ನಾನೇನು ಅರ್ಧ ಮಗಳಾ?”

ಹಿಂದೆ ನಿಂತಿದ್ದ ಅತ್ತಿಗೆ ಒಬ್ದೂಲಿಯಾ ಕಿಸಕ್ಕನೆ ನಕ್ಕು ಕೈಚೀಲಕ್ಕೆ ಕೈ ಹಾಕಿದಳು. “ಕೊಟ್ಟು ಸಾಯೋಣ ಬಾರೆ. ಸಮಾಧಿ ನೋಡೋಕೆ ಹೋದ್ರೂ ಹೂವಿನೋಳಿಗೆ ದುಡ್ಡು ಕೊಡ್ತೀವಲ್ಲ, ಹಂಗೆ ಅಂದ್ಕೋ.”

“ಹೂವಿಗೆ ಕೊಡ್ತೀವಿ ಅತ್ತಿಗೆ, ಅಪ್ಪನಿಗಲ್ಲ,” ಅಂದಳು ಎದೆಲ್ಮಿರಾ. ಆದರೂ ಒಳಗೆ ಹೋದಳು. ಬಂದದ್ದೇ ಅದಕ್ಕೆ.

ಮಧ್ಯಾಹ್ನ ಮನೆ ಬಿಡುವಾಗ ಈ ಸಿಟ್ಟು ಇರಲಿಲ್ಲ. ಹಿಂದಿನ ದಿನ ಒಬ್ದೂಲಿಯಾಳ ಮೊಮ್ಮಗಳು ಫೋನು ಹಿಡಿದುಕೊಂಡು ಓಡಿ ಬಂದಿದ್ದಳು. ಎದೆಲ್ಮಿರಾ ಹುಟ್ಟಿ ಬೆಳೆದ ಬಾರ್ರಾಂಕೊ ಬಡಾವಣೆಯ ಯಾವುದೋ ಬಂಗಲೆಯಲ್ಲಿ ಹಳೆಯ ಕಾಲದ ಫೋಟೋಗಳ ಪ್ರದರ್ಶನವಂತೆ, ಅದರಲ್ಲಿ ಗಿಟಾರ್ ಹಿಡಿದವನೊಬ್ಬ ಮನೆಯಲ್ಲಿ ತೂಗುಹಾಕಿರುವ ಮುತ್ತಜ್ಜನ ಥರವೇ ಇದ್ದಾನಂತೆ. ಅಂಗೈಯಗಲದ ಪರದೆಯಲ್ಲಿ ಎದೆಲ್ಮಿರಾ ನೋಡಿದಳು. ಥರ ಏನು ಬಂತು, ಅಪ್ಪನೇ! ನೆಮೆಸಿಯೊ ಕ್ವೆಟೊನೇ! ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಎದ್ದು ಇಸ್ತ್ರಿ ಪೆಟ್ಟಿಗೆ ಕಾಯಿಸಿದಳು. ಅಕ್ಟೋಬರ್ ಪೂರ್ತಿ ಶಿಲುಬೆಯ ಮೇಲಿನ ಪವಾಡದ ಸ್ವಾಮಿಯ ಹರಕೆಗೆ ನೇರಳೆ ನಿಲುವಂಗಿ ಉಡುವವಳು ಅವಳು. ಎರಡಿದ್ದವು, ಮೆರವಣಿಗೆಗೆಂದು ಎತ್ತಿಟ್ಟಿದ್ದ ಒಳ್ಳೆಯದನ್ನು ತೆಗೆದು ಗೆರೆ ಕೂರುವ ಹಾಗೆ ಇಸ್ತ್ರಿ ಹಾಕಿದಳು. ಅಪ್ಪನನ್ನು ನೋಡಲು ಹೋಗುವುದಲ್ಲವೆ.

ಮರಳುಗುಡ್ಡದ ಮೇಲಿನ ಮನೆಯಿಂದ ಇಳಿದು, ಬಸ್ಸು ಬದಲಿಸಿ, ಇಬ್ಬರೂ ಬಾರ್ರಾಂಕೊದ ಪಾರ್ಕಿನ ಎದುರು ಇಳಿದಾಗ ಸಮುದ್ರದ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಪಾರ್ಕಿನಲ್ಲಿ ಪಿಕರೋನ್ ಮಾರುವವಳ ಬಾಣಲೆ ಚುರುಗುಡುತ್ತಿತ್ತು. ಬೆಲ್ಲದ ಪಾಕದಲ್ಲಿ ಅದ್ದಿದ ಬಳೆಯಂಥ ಬಿಸಿ ಕರಿದ ತಿಂಡಿಯನ್ನು ಬೆಂಚಿನ ಮೇಲೆ ಕೂತು ತಿಂದರು. ನಿಟ್ಟುಸಿರ ಸೇತುವೆ ಬಂದಾಗ ಒಬ್ದೂಲಿಯಾ ಮೂಗು ಹಿಡಿದುಕೊಂಡಳು. ಮೊದಲ ಸಲ ಬಂದವರು ಉಸಿರು ಬಿಗಿಹಿಡಿದು ದಾಟಿದರೆ ಬಯಸಿದ್ದು ಆಗುತ್ತದಲ್ಲ, ಅದಕ್ಕೆ.

“ಅತ್ತಿಗೆ, ನೀನು ಹೋದ ವರ್ಷಾನೂ ದಾಟಿದ್ದೆ.”

“ಹೋದ್ ವರ್ಷ ಮಧ್ಯದಲ್ಲೇ ಕೆಮ್ಮು ಬಂದಿತ್ತಲ್ಲೇ. ಅದು ಲೆಕ್ಕಕ್ಕಿಲ್ಲ.”

ಎದೆಲ್ಮಿರಾಗೆ ಉಸಿರು ಹಿಡಿಯುವ ಹಂಗಿರಲಿಲ್ಲ. ಈ ಸೇತುವೆಯ ಕೆಳಗೇ ಓಡಾಡಿ ಬೆಳೆದವಳು. ದಾರಿಯುದ್ದಕ್ಕೂ ಅವಳ ಕಣ್ಣು ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನೇ ಹುಡುಕುತ್ತಿತ್ತು. ಹಳದಿ, ಕೆಂಪು, ನೀಲಿ ಬಳಿದುಕೊಂಡ ಬಂಗಲೆಗಳು ನಿಂತೇ ಇದ್ದವು, ಒಂದೊಂದರಲ್ಲೂ ಈಗ ಒಂದೊಂದು ಕಾಫಿ ಅಂಗಡಿ. ಗೋಡೆಗಳ ತುಂಬ ಆಳೆತ್ತರದ ಚಿತ್ರಗಳು, ಅವುಗಳ ಮುಂದೆ ನಿಂತು ಹಲ್ಲುಕಿರಿದು ಫೋಟೋ ತೆಗೆಸಿಕೊಳ್ಳುವ ಜನ. ಇದೇ ಗೋಡೆಗೆ ಇದ್ದಿಲಲ್ಲಿ ಒಂದು ಕುದುರೆ ಬರೆದದ್ದಕ್ಕೆ ಅವಳ ಅಣ್ಣ ಪೊಲೀಸನ ಕೈಲಿ ಕಿವಿ ಹಿಂಡಿಸಿಕೊಂಡಿದ್ದ. ಈಗ ಅದಕ್ಕೆ ಕಲೆ ಅಂತ ಹೆಸರು. ಅವರ ವಠಾರ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದರು.

ಆ ವಠಾರದ ಕಥೆ ಒಬ್ದೂಲಿಯಾಗೆ ಬಾಯಿಪಾಠ. ಅವಳು ಮದುವೆಯಾಗಿ ಬರುವ ಹೊತ್ತಿಗೆ ವಠಾರವೇ ಇರಲಿಲ್ಲ, ಆದರೂ ನಾದಿನಿಯ ಬಾಯಲ್ಲಿ ಕೇಳಿ ಕೇಳಿ ಅದರ ಒಂದೊಂದು ಬಾಗಿಲೂ ಗೊತ್ತು. ಓಣಿಯ ಎರಡೂ ಕಡೆ ಒಂದೊಂದೇ ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ, ಬೀದಿಗೆ ಒಂದೇ ದೊಡ್ಡ ಮರದ ಬಾಗಿಲು. ವಾರವೆಲ್ಲ ಗಾರೆ ಕೆಲಸ ಮಾಡುವ ನೆಮೆಸಿಯೊ ಶನಿವಾರ ಸಂಜೆ ಕೈ ತೊಳೆದು ಗಿಟಾರ್ ಎತ್ತಿಕೊಂಡರೆ ವಠಾರಕ್ಕೆ ವಠಾರವೇ ಅವನ ಮನೆಯಾಗುತ್ತಿತ್ತು. ಅದು ಹರಾನಾ. ಹರಾನಾ ಅಂದರೆ ಸುಮ್ಮನೆ ಹಾಡು ಕುಣಿತವಲ್ಲ. ಕೊನೆಯ ನೆಂಟ ಒಳಗೆ ಬಂದ ಕೂಡಲೇ ಮನೆಯ ಯಜಮಾನ ಬಾಗಿಲಿಗೆ ಬೀಗ ಜಡಿಯುತ್ತಾನೆ, ಕೀಲಿಕೈ ಅವನ ಹತ್ತಿರವೇ. ಬೆಳಗಾಗಿ, ಮನೆಯಾಕೆ ಮಾಡಿದ ಕೋಳಿ ಸಾರು ಎಲ್ಲರ ಹೊಟ್ಟೆಗೆ ಬೀಳುವ ತನಕ ಯಾರೂ ಹೊರಡುವ ಹಾಗಿಲ್ಲ. ಹೋಗಲೇಬೇಕು ಅನ್ನುವವನು ಯಜಮಾನನ ಮುಂದೆ ನಿಂತು, ಟೋಪಿ ತೆಗೆದು, ‘ಮನೆ ಯಜಮಾನ್ರೇ, ಅಪ್ಪಣೆ ಕೊಡಿ’ ಅನ್ನಬೇಕು. ಯಜಮಾನ ‘ಸಾರು ಇನ್ನೂ ಆಗಿಲ್ಲ’ ಅಂದರೆ ಮುಗಿಯಿತು, ತಿರುಗಿ ಹೋಗಿ ಕೂರಬೇಕು. ಮೀನುಗಾರನಾದರೂ ಅಷ್ಟೆ, ಬಂಗಲೆಯ ದೊರೆಯಾದರೂ ಅಷ್ಟೆ.

ಬಂಗಲೆಯ ದೊರೆಯೂ ಬರುತ್ತಿದ್ದ. ದೋನ್ ಅಲ್ವಾರೊ ಒಲಸಾಬಾಲ್. ವಠಾರ ಅವನದೇ ಜಾಗ, ಬಾಡಿಗೆ ಅವನಿಗೇ ಹೋಗುತ್ತಿತ್ತು. ಆದರೆ ಶನಿವಾರ ರಾತ್ರಿ ಬಾಗಿಲ ಒಳಗೆ ಬಂದರೆ ಅವನೂ ನೆಂಟನೇ. ನೆಮೆಸಿಯೊನ ಮುಂದೆ ಅವನು ಟೋಪಿ ತೆಗೆದು ನಿಂತದ್ದನ್ನು ಎದೆಲ್ಮಿರಾ ಕಣ್ಣಾರೆ ಕಂಡಿದ್ದಳು. ಬಡವನ ಮನೆಯಲ್ಲಿ ಅಂಥ ಒಂದು ಗಳಿಗೆ ಇರುತ್ತಿತ್ತು, ಅದನ್ನು ನೆನೆದುಕೊಂಡೇ ಅವಳು ಇಷ್ಟು ವರ್ಷ ತಲೆ ಎತ್ತಿ ನಡೆದಿದ್ದಳು.

ಹೀಗೆ ಬಂದವಳು ಟಿಕೆಟ್ ತೆಗೆದುಕೊಂಡು ಒಳಗೆ ಹೋದಳು.

ಫೋಟೋ ಅಂಗಳದ ನಟ್ಟನಡುವಿನ ಗೋಡೆಯ ಮೇಲಿತ್ತು. ಎಷ್ಟು ದೊಡ್ಡದು ಮಾಡಿದ್ದರೆಂದರೆ ಅಪ್ಪನ ಉಗುರಿನ ಸಂದಿಯ ಸುಣ್ಣವೂ ಕಾಣುತ್ತಿತ್ತು. ಗಿಟಾರಿನ ತಲೆಗೆ ನೇರಳೆ ಪಟ್ಟಿಯಲ್ಲಿ ಕಟ್ಟಿದ ಕೀಲಿಕೈ ತೂಗುತ್ತಿತ್ತು. ಫೋಟೋದಲ್ಲಿ ಬಣ್ಣವಿಲ್ಲ, ಆದರೆ ನೇರಳೆ ಅಂತ ಅವಳಿಗೆ ಗೊತ್ತು, ಅಮ್ಮ ತನ್ನ ಅಕ್ಟೋಬರ್ ನಿಲುವಂಗಿಯ ಅಂಚು ಕತ್ತರಿಸಿ ಕೊಟ್ಟದ್ದು. ಪಕ್ಕದಲ್ಲಿ ಟೈ ಸಡಿಲಿಸಿಕೊಂಡು, ಪಿಸ್ಕೊ ಸಾರಾಯಿಯ ಲೋಟ ಹಿಡಿದು, ಬಾಯಗಲಿಸಿ ನಗುತ್ತಿರುವ ದೋನ್ ಅಲ್ವಾರೊ. ಬಲಗಡೆ ಅಂಚಿನಲ್ಲಿ ಒಂದು ಕೈ, ಮೊಣಕೈವರೆಗೆ ಮಾತ್ರ, ಸೌಟು ಹಿಡಿದದ್ದು. ಅದು ಅಮ್ಮನ ಕೈ.

“ಅಮ್ಮನ್ನ ಪೂರ್ತಿ ತೆಗೀಬಾರದಿತ್ತಾ,” ಅಂದಳು ಎದೆಲ್ಮಿರಾ.

ಒಬ್ದೂಲಿಯಾ ಕನ್ನಡಕ ಹಾಕಿಕೊಂಡು ಫೋಟೋದ ಕೆಳಗಿನ ಬರಹ ಓದಲು ಬಗ್ಗಿದಳು. ಓದಿದವಳು ನಾದಿನಿಯ ತೋಳು ಹಿಡಿದಳು. “ಸಾಕು ಬಾರೆ, ಕಾಫಿ ಕುಡಿಯೋಣ.”

“ಏನ್ ಬರೆದಿದ್ದಾರೆ?”

“ಏನಿಲ್ಲ, ಬಿಡು.”

ಎದೆಲ್ಮಿರಾ ಅವಳ ಕನ್ನಡಕ ಕಿತ್ತುಕೊಂಡು ತಾನೇ ಓದಿದಳು. ‘ದೋನ್ ಅಲ್ವಾರೊ ಒಲಸಾಬಾಲ್ ಈ ಬಂಗಲೆಯಲ್ಲಿ ನಡೆಸುತ್ತಿದ್ದ ಪ್ರಸಿದ್ಧ ಹರಾನಾಗಳಲ್ಲಿ ಒಂದು. ಜೊತೆಯಲ್ಲಿ ಬಾಡಿಗೆ ವಾದ್ಯಗಾರ.’

ಬಾಡಿಗೆ ವಾದ್ಯಗಾರ! ಅಲ್ಲ ಸ್ವಾಮಿ, ಮನೆಗೆ ಕರೆದು, ಕೂರಿಸಿ, ಕುಡಿಸಿ, ಉಣಿಸಿ ಕಳಿಸಿದವನನ್ನು ಕೂಲಿಯವನನ್ನಾಗಿ ಮಾಡಿ, ಉಂಡು ಹೋದವನನ್ನು ಯಜಮಾನ ಮಾಡಿ ಕೂರಿಸುವುದೆಂದರೆ ಯಾವ ನ್ಯಾಯ? ಹೆಸರೂ ಇಲ್ಲ. ನಾಯಿಯ ಫೋಟೋ ಹಾಕಿದ್ದರೂ ಅದರ ಹೆಸರು ಬರೆಯುತ್ತಿದ್ದರು. ಎದೆಲ್ಮಿರಾಳ ಪಿತ್ತ ನೆತ್ತಿಗೇರಿತು.

ಅಷ್ಟು ಹೊತ್ತಿಗೆ ಹತ್ತು ಹನ್ನೆರಡು ಜನರ ಗುಂಪನ್ನು ಹಿಂದೆ ಹಾಕಿಕೊಂಡು ಒಬ್ಬಳು ಬಂದಳು. ನಡುವಯಸ್ಸು, ಬಿಳಿ ಅಂಗಿ, ಮೆಲುದನಿ. ರೆನಾತಾ, ದೋನ್ ಅಲ್ವಾರೊನ ಮೊಮ್ಮಗಳು. ಬಂಗಲೆಯನ್ನು ಪ್ರದರ್ಶನದ ಮನೆ ಮಾಡಿದವಳು ಇವಳೇ.

“ನಮ್ಮ ತಾತನಿಗೆ ಸಂಗೀತ ಅಂದ್ರೆ ಪ್ರಾಣ,” ಅನ್ನುತ್ತಿದ್ದಳು. “ಬಡ ವಾದ್ಯಗಾರರನ್ನ ಮನೆಗೆ ಕರೆಸಿ ಹಾಡಿಸೋರು. ಬೆಳಗಿನ ತನಕ ಯಾರನ್ನೂ ಹೊರಗೆ ಬಿಡ್ತಿರಲಿಲ್ಲವಂತೆ. ಬೀಗ ಹಾಕ್ತಿದ್ದ ಕೀಲಿಕೈ ಇಲ್ಲೇ ಇದೆ ನೋಡಿ. ಅವರ ಮೇಜಿನ ಡ್ರಾಯರಲ್ಲಿ ಸಿಕ್ತು.”

ಫೋಟೋದ ಪಕ್ಕ ಗಾಜಿನ ಪೆಟ್ಟಿಗೆ ಇತ್ತು. ಎದೆಲ್ಮಿರಾ ಅದನ್ನು ಆಗ ನೋಡಿದಳು. ಅಂಗೈಯುದ್ದದ ಕಬ್ಬಿಣದ ಕೀಲಿಕೈ, ಅದರ ಕೊರಳಲ್ಲಿ ಬಣ್ಣ ಹಾರಿದ ನೇರಳೆ ಪಟ್ಟಿ. ವಠಾರದ ಬಾಗಿಲಿನ ಕೀಲಿಕೈ.

ವಠಾರ ಖಾಲಿ ಮಾಡಿಸಿದ್ದು ದೋನ್ ಅಲ್ವಾರೊನೇ. ಶನಿವಾರ ರಾತ್ರಿ ಅಪ್ಪನ ಹೆಗಲ ಮೇಲೆ ಕೈ ಹಾಕಿ ಹಾಡಿದವನು ಸೋಮವಾರ ಆಳುಗಳನ್ನು ಕಳಿಸಿದ. ಜಾಗ ಮಾರಿಯಾಗಿತ್ತು. ಬಾಗಿಲಿನ ಕೀಲಿಕೈ ಒಪ್ಪಿಸಲು ಅಪ್ಪ ಎದೆಲ್ಮಿರಾಳ ಕೈ ಹಿಡಿದುಕೊಂಡು ಇದೇ ಬಂಗಲೆಗೆ ಬಂದಿದ್ದ. ಮುಂಬಾಗಿಲಿಂದ ಬಿಡಲಿಲ್ಲ, ಪಕ್ಕದ ಅಡುಗೆಮನೆ ಬಾಗಿಲಿಗೆ ಹೋಗು ಅಂದರು. ಅಲ್ಲಿ ಅಡುಗೆಯವಳ ಕೈಗೆ ಕೀಲಿಕೈ ಕೊಟ್ಟು, ಪಟ್ಟಿ ಬಿಚ್ಚಿಕೊಳ್ಳುವುದನ್ನೂ ಮರೆತು, ಅಪ್ಪ ತಿರುಗಿ ನಡೆದ. ಮರಳುಗುಡ್ಡದ ಮೇಲೆ ಅವರು ಕಟ್ಟಿಕೊಂಡದ್ದು ಚಾಪೆಯನ್ನೇ ಗೋಡೆ ಮಾಡಿದ ಮನೆ. ಅದಕ್ಕೆ ಬಾಗಿಲೇ ಇರಲಿಲ್ಲ. ಬೀಗ ಹಾಕಲು ಬಾಗಿಲೇ ಇಲ್ಲದ ಮೇಲೆ ಎಂಥ ಹರಾನಾ ಅಂದ ಅಪ್ಪ, ಸಾಯುವ ತನಕ ಮತ್ತೆ ನೆಂಟರನ್ನು ಕರೆಯಲಿಲ್ಲ.

“ಏ ತಾಯಿ,” ಅಂದಳು ಎದೆಲ್ಮಿರಾ. ಗುಂಪು ತಿರುಗಿ ನೋಡಿತು. “ಅದು ನಿಮ್ಮ ಮನೆ ಕೀಲಿಕೈ ಅಲ್ಲ. ಅದು ನಮ್ಮ ವಠಾರದ್ದು. ಆ ಫೋಟೋನೂ ನಮ್ಮ ವಠಾರದಲ್ಲೇ ತೆಗೆದದ್ದು. ಗಿಟಾರ್ ಹಿಡಿದಿರೋದು ನಮ್ಮಪ್ಪ. ಯಜಮಾನ ಅವನು. ನಿಮ್ಮ ತಾತ ನೆಂಟ.”

ರೆನಾತಾ ನಕ್ಕಳು, ಕೆಟ್ಟ ನಗುವೇನಲ್ಲ. “ಎಷ್ಟು ಖುಷಿಯಾಯ್ತು ಅಜ್ಜಿ ನೀವು ಬಂದಿದ್ದು! ನಿಮ್ಮ ನೆನಪುಗಳನ್ನ ನಮ್ಮ ಜೊತೆ ಹಂಚಿಕೊಳ್ಳಿ, ಕಾಫಿ ಕುಡೀತಾ ರೆಕಾರ್ಡ್ ಮಾಡ್ಕೊಳ್ಳೋಣ.”

“ನೆನಪಲ್ಲಮ್ಮ, ನಿಜ. ಕೀಲಿಕೈ ಯಾರ ಗಿಟಾರಿಗೆ ಕಟ್ಟಿದೆ ನೋಡು. ಯಜಮಾನ ಅಲ್ದೆ ಬೇರೆಯೋನು ಇಟ್ಕೊಳ್ತಾನಾ?”

“ತಾತ ಅವರ ಕೈಗೆ ಕೊಟ್ಟಿರ್ತಾರೆ. ಬಾಗಿಲು ನೋಡ್ಕೋ ಅಂತ.”

“ಬಾಗಿಲು ಕಾಯೋನ್ನಾಗಿ ಮಾಡಿದ್ಯಾ ಈಗ!” ಎದೆಲ್ಮಿರಾಳ ದನಿ ಅಂಗಳದ ಆಚೆಗೂ ಕೇಳಿತು.

ಒಬ್ದೂಲಿಯಾ ಮೊಣಕೈಯಲ್ಲಿ ತಿವಿದಳು. ತಡೆಯುವುದಕ್ಕಲ್ಲ, ತೋರಿಸುವುದಕ್ಕೆ. ಅಂಗಳದ ಮೂಲೆಯಲ್ಲಿ, ಜರೀಗಿಡಗಳ ಕುಂಡಗಳ ನಡುವೆ, ಕಾಲ ಮೇಲೆ ಶಾಲು ಹೊದ್ದು ಒಬ್ಬ ಮುದುಕಿ ಕೂತಿದ್ದಳು. ಎದೆಲ್ಮಿರಾಳ ಓರಗೆಯವಳೇ. ಮುಖ ನೋಡಿದ ಕೂಡಲೇ ಎದೆಲ್ಮಿರಾಗೆ ಗುರುತು ಸಿಕ್ಕಿತು. ಲೆಯೊನೋರ್. ದೋನ್ ಅಲ್ವಾರೊನ ಮಗಳು, ರೆನಾತಾಳ ತಾಯಿ. ಒಂದು ಶನಿವಾರ ಹಟ ಮಾಡಿ ಅಪ್ಪನ ಹಿಂದೆ ವಠಾರಕ್ಕೆ ಬಂದು, ಬೀಗ ಬಿದ್ದ ಮೇಲೆ ಮನೆಗೆ ಹೋಗಬೇಕು ಅಂತ ಅತ್ತು, ಕೊನೆಗೆ ಎದೆಲ್ಮಿರಾಳ ಅಮ್ಮನ ಹಾಸಿಗೆಯಲ್ಲಿ, ಎದೆಲ್ಮಿರಾಳ ದಿಂಬಿನ ಮೇಲೇ ಮಲಗಿದ್ದ ಹುಡುಗಿ.

“ಅಗೋ, ಅವಳನ್ನ ಕೇಳಿ!” ಎದೆಲ್ಮಿರಾ ಬಿರಬಿರನೆ ನಡೆದು ಅವಳ ಮುಂದೆ ನಿಂತಳು. “ಲೆಯೊನೋರ್, ನೀನೇ ಹೇಳು. ಹರಾನಾ ಯಾರ ಮನೇಲಿ ಆಗ್ತಿತ್ತು?”

ಲೆಯೊನೋರ್ ತಲೆ ಎತ್ತಿದಳು. ನೇರಳೆ ನಿಲುವಂಗಿ ನೋಡಿದಳು, ಮುಖ ನೋಡಿದಳು. ಅಷ್ಟರಲ್ಲಿ ಮಗಳು ಹಿಂದಿನಿಂದ ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು. “ಅಮ್ಮನಿಗೆ ಬೇಗ ಸುಸ್ತಾಗುತ್ತೆ. ದಯವಿಟ್ಟು ತೊಂದ್ರೆ ಕೊಡಬೇಡಿ.” ಲೆಯೊನೋರ್ ಬಾಯಿ ಮುಚ್ಚಿಕೊಂಡು ಕೈಯಲ್ಲಿದ್ದ ಕಾಫಿ ಕಪ್ಪಿನೊಳಗೆ ನೋಡತೊಡಗಿದಳು.

ಆ ಕ್ಷಣಕ್ಕೆ ಎದೆಲ್ಮಿರಾಗೆ ರೆನಾತಾಳ ಮೇಲಿದ್ದ ಸಿಟ್ಟೆಲ್ಲ ಸಣ್ಣದಾಯಿತು. ಅವಳಿಗೆ ಗೊತ್ತಿಲ್ಲ, ಆಯಿತು. ಇವಳಿಗೆ ಗೊತ್ತಿದೆ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ, ದಿಂಬು ಕೊಟ್ಟವರ ಮುಂದೆಯೇ!

“ಸರಿ,” ಅಂದಳು ಎದೆಲ್ಮಿರಾ, ಗುಂಪಿನ ಕಡೆ ತಿರುಗಿ. “ನಿಮ್ಮನೇದು ಅಂತೀಯಲ್ಲ, ನಿಮ್ಮ ಬಾಗಿಲಿಗೆ ಹಾಕಿ ತೋರಿಸು.”

“ಹೌದೌದು, ತೋರ್ಸಿ,” ಅಂದ ಗುಂಪಿನಲ್ಲಿ ಒಬ್ಬ, ಫೋನು ಎತ್ತಿ ಹಿಡಿದು. ಇನ್ನಿಬ್ಬರು ಚಪ್ಪಾಳೆ ತಟ್ಟಿದರು.

ರೆನಾತಾ ಹಿಂಜರಿಯಲಿಲ್ಲ. ಅವಳಿಗೆ ತನ್ನ ಮಾತಿನಲ್ಲಿ ಅಷ್ಟು ನಂಬಿಕೆ. ಗಾಜಿನ ಪೆಟ್ಟಿಗೆ ತೆರೆದು, ಕೀಲಿಕೈಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಮುಂಬಾಗಿಲಿಗೆ ನಡೆದಳು. ಎಲ್ಲರೂ ಹಿಂದೆಯೇ ಹೋದರು. ಬಂಗಲೆಯ ಬಾಗಿಲು ಕೆತ್ತನೆಯದು, ಅದರ ಬೀಗ ಹಿತ್ತಾಳೆಯದು, ಬೀಗದ ಬಾಯಿ ಕಿರುಬೆರಳ ಉಗುರಿನಷ್ಟು. ಕೀಲಿಕೈಯ ತುದಿ ಕೂಡ ಒಳಗೆ ಹೋಗಲಿಲ್ಲ. ರೆನಾತಾ ತಿರುಗಿಸಿ ಹಿಡಿದಳು, ಮೇಲೆ ಕೆಳಗೆ ಮಾಡಿದಳು.

“ಒನಕೆ ತಂದು ಸೂಜಿಗೆ ಪೋಣಿಸೋ ಹಂಗಿದೆ,” ಅಂದಳು ಒಬ್ದೂಲಿಯಾ. ಗುಂಪು ಗೊಳ್ಳೆಂದು ನಕ್ಕಿತು.

ರೆನಾತಾಳ ಕಿವಿ ಕೆಂಪಾಯಿತು. “ಬೀಗ ಬದಲಾಯಿಸಿರಬೇಕು,” ಅಂದಳು. “ಇಷ್ಟು ವರ್ಷ ಆಯ್ತಲ್ಲ.”

ಜನ ತಲೆದೂಗಿದರು. ಇರಬಹುದು, ಬದಲಾಯಿಸಿರಬಹುದು. ಅಷ್ಟೇ! ಫೋನು ಜೇಬಿಗೆ ಹೋಯಿತು. ಬದಲಾಯಿಸಿರಬಹುದು ಅನ್ನುವ ಒಂದು ಮಾತಿಗೆ ಅಪ್ಪ ಮತ್ತೆ ಬಾಗಿಲು ಕಾಯುವವನಾದ. ದೊಡ್ಡಮನೆಯವರ ಬಾಯಿಂದ ಬಂದರೆ ಊಹೆಯೂ ಸಾಕ್ಷಿ, ಬಡವರ ಬಾಯಿಂದ ಬಂದರೆ ಸಾಕ್ಷಿಯೂ ಬರೀ ನೆನಪು. ಎದೆಲ್ಮಿರಾ ಕೈ ಚಾಚಿ ರೆನಾತಾಳ ಬೆರಳುಗಳಿಂದ ಕೀಲಿಕೈಯನ್ನು ಕಿತ್ತುಕೊಂಡಳು. ಪಟ್ಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಹೊಸ್ತಿಲ ಮೇಲೆ, ಬಾಗಿಲ ನಟ್ಟನಡುವೆ ನಿಂತಳು.

“ಅಜ್ಜಿ, ಅದು ಪ್ರದರ್ಶನದ ವಸ್ತು.”

“ವಸ್ತು ಅಂತೆ! ಅಮ್ಮನ ಬಟ್ಟೆ ಹರಿದು ಕಟ್ಟಿದ್ದು ಇದು. ಅಪ್ಪನ ಹೆಸರು ಬರೆಯೋ ತನಕ ನಾನು ಇಲ್ಲಿಂದ ಕದಲಲ್ಲ.”

ಕಾವಲುಗಾರ ಬಂದ. ನೇರಳೆ ನಿಲುವಂಗಿಯ ಮುದುಕಿಯನ್ನು ನೋಡಿ ಅಲ್ಲೇ ನಿಂತುಬಿಟ್ಟ. ಅಕ್ಟೋಬರಿನಲ್ಲಿ ಆ ಬಣ್ಣದ ಮೇಲೆ ಕೈ ಮಾಡುವುದಕ್ಕೆ ಎಂಟೆದೆ ಬೇಕು. “ಅಮ್ಮಾ, ನಮ್ಮಮ್ಮಾನೂ ಇದೇ ಉಡ್ತಾಳೆ,” ಅಂತ ಗೊಣಗಿ ಪಕ್ಕಕ್ಕೆ ಸರಿದ.

“ಏನ್ ನಾಟಕ ಇದು,” ಅಂದಳು ರೆನಾತಾ. ಈಗ ದನಿ ಮೆಲ್ಲಗಿರಲಿಲ್ಲ. “ಪೊಲೀಸರನ್ನ ಕರೀಬೇಕಾ?”

“ಕರಿ. ನಮ್ಮಣ್ಣನ ಕಿವಿ ಹಿಂಡಿದ್ದು ಸಾಲ್ದು, ನಂದೂ ಹಿಂಡ್ಲಿ.”

ಆಗ ಅಂಗಳದ ಕಡೆಯಿಂದ ಊರುಗೋಲಿನ ಸದ್ದು ಕೇಳಿತು. ಲೆಯೊನೋರ್ ಬರುತ್ತಿದ್ದಳು, ತಲೆಗೆ ಹುಲ್ಲಿನ ಟೋಪಿ ಇಟ್ಟುಕೊಂಡು. ಸಂಜೆ ಪಾರ್ಕಿನಲ್ಲಿ ಒಂದು ಸುತ್ತು ಹಾಕುವುದು ಅವಳ ರೂಢಿ. ಜನ ದಾರಿ ಬಿಟ್ಟರು.

“ಅಮ್ಮಾ, ಈ ಕಡೆ ಬೇಡ,” ಅಂದಳು ರೆನಾತಾ. “ಅಡುಗೆಮನೆ ಬಾಗಿಲಿಂದ ಕರ್ಕೊಂಡು ಹೋಗ್ತೀನಿ ಬಾ.”

ಲೆಯೊನೋರ್ ಮಗಳ ಕೈ ಬಿಡಿಸಿಕೊಂಡಳು. ನೇರವಾಗಿ ಬಂದು ಹೊಸ್ತಿಲ ಮುಂದೆ, ಎದೆಲ್ಮಿರಾಳ ಎದುರಿಗೆ ನಿಂತಳು. ಅವಳ ಕೊರಳಲ್ಲಿದ್ದ ಕೀಲಿಕೈಯನ್ನು ನೋಡಿದಳು. ಆಮೇಲೆ ಟೋಪಿ ತೆಗೆದಳು.

“ಮನೆ ಯಜಮಾನ್ತಿಯವ್ರೇ, ಅಪ್ಪಣೆ ಕೊಡಿ,” ಅಂದಳು.

ಅಲ್ಲಿದ್ದವರಿಗೆ ಏನಾಯಿತೆಂದು ತಿಳಿಯಲಿಲ್ಲ. ಒಬ್ದೂಲಿಯಾಗೆ ತಿಳಿಯಿತು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಅಮ್ಮಾ!” ಅಂದಳು ರೆನಾತಾ. “ಏನ್ ಮಾತಾಡ್ತಿದೀಯ? ಇದು ನಿನ್ನ ಮನೆ. ಬಾಗಿಲು ತೆಗೆದೇ ಇದೆ.”

“ತೆಗೆದಿದ್ರೇನು? ಕೀಲಿಕೈ ಯಾರ ಹತ್ರ ಇದೆ ನೋಡು.”

ಎದೆಲ್ಮಿರಾ ಕೊರಳಿನ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡಳು. ಆದರೆ ಸಿಟ್ಟು ಇಳಿಯಲಿಲ್ಲ. ಯಾಕೆ ಇಳಿಯಬೇಕು? ಅಪ್ಪ ಹೇಳುತ್ತಿದ್ದ ಮಾತನ್ನೇ ಅಪ್ಪನ ದನಿಯಲ್ಲೇ ಹೇಳಿದಳು. “ಸಾರು ಇನ್ನೂ ಆಗಿಲ್ಲ. ಮೊದ್ಲು ಆ ಗೋಡೆ ಮೇಲೆ ಹೆಸರು ಬೀಳ್ಲಿ.”

ಲೆಯೊನೋರ್ ಟಿಕೆಟ್ಟಿನ ಹುಡುಗಿಯ ಕುರ್ಚಿ ಎಳೆದುಕೊಂಡು ಕೂತಳು, ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. “ಕೇಳಿಸ್ತಲ್ಲ ರೆನಾತಾ? ಪೆನ್ನು ತಗೋ. ನಿಮ್ಮ ತಾತ ಈ ಬಂಗಲೇಲಿ ಒಂದು ದಿನಾನೂ ಹರಾನಾ ಮಾಡ್ಲಿಲ್ಲ. ನಮ್ಮಮ್ಮ ಮಾಡೋಕೆ ಬಿಡ್ತಿದ್ಲಾ? ಅವನು ಹೋಗ್ತಿದ್ದಿದ್ದು ನೆಮೆಸಿಯೊ ಕ್ವೆಟೊ ಮನೆಗೆ. ಆ ಸೌಟಿನ ಕೈ ತೊಮಾಸಾಂದು. ಅದನ್ನೂ ಬರಿ.”

ರೆನಾತಾ ಟಿಕೆಟ್ಟಿನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಅಲ್ಲೇ ನಿಂತಳು. ಆಮೇಲೆ ಫೋಟೋದ ಗೋಡೆಯ ಕಡೆ ನಡೆದಳು, ಗುಂಪೂ ಅವಳ ಹಿಂದೆ ಹೋಯಿತು.

ಬಾಗಿಲಲ್ಲಿ ಮೂವರು ಮುದುಕಿಯರಷ್ಟೇ ಉಳಿದರು. ಅಪ್ಪನ ಹೆಸರು, ಅಮ್ಮನ ಹೆಸರು, ಎರಡೂ ಆ ಬಾಯಿಂದ ಸಲೀಸಾಗಿ ಬಂದದ್ದು ಎದೆಲ್ಮಿರಾಳ ಎದೆಗೆ ಚುಚ್ಚಿತು. ಮರೆತಿದ್ದಳು ಅಂದುಕೊಳ್ಳುವ ಹಾಗೂ ಇರಲಿಲ್ಲ.

“ನಮ್ಮಮ್ಮನ ಹೆಸರೂ ನೆನಪಿದೆ ನಿಂಗೆ.”

“ಅವಳ ಹಾಸಿಗೇಲಿ ಮಲಗಿದ್ದೋಳು ನಾನು. ನೆನಪಿಲ್ದೆ ಏನು?”

“ಮತ್ತೆ ಆ ಗೋಡೆಗೆ ಫೋಟೋ ಹಾಕುವಾಗ ಎಲ್ಲಿ ಹೋಗಿತ್ತು ಬಾಯಿ? ನಾನು ಎದುರಿಗೆ ನಿಂತು ಕೇಳಿದಾಗ ಎಲ್ಲಿ ಹೋಗಿತ್ತು?”

ಲೆಯೊನೋರ್ ಟೋಪಿಯ ಅಂಚನ್ನು ಸುತ್ತ ತಿರುಗಿಸುತ್ತ ಕೂತಳು. ಹೊರಗೆ ಪಾರ್ಕಿನ ದೀಪಗಳು ಹತ್ತಿಕೊಂಡವು. ಗೋಡೆಯ ಮೇಲೆ ಹೆಸರು ಬಿದ್ದ ಮೇಲೆ ಒಳಗಿಂದ ಒಬ್ಬೊಬ್ಬರೇ ಬಂದು, ಕೀಲಿಕೈ ಹಾಕಿಕೊಂಡ ಮುದುಕಿಯ ಮುಂದೆ ತಡೆದು ನಿಂತರು. ಏನು ಹೇಳಬೇಕೆಂದು ಒಬ್ದೂಲಿಯಾ ಅವರಿಗೆ ಹೇಳಿಕೊಟ್ಟಳು. ಹೇಳಿದವರಿಗೆಲ್ಲ ಎದೆಲ್ಮಿರಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಲೆಯೊನೋರ್ ಊರುಗೋಲು ಊರಿ ಏಳಲು ಹೋದಳು.

“ನೀನು ಕೂತ್ಕೋ,” ಅಂದಳು ಎದೆಲ್ಮಿರಾ. “ನಿಂಗೆ ಅಪ್ಪಣೆ ಕೊನೇಲಿ.”